ಚಿಲ್ಲರೆ ಬಾಕಿ

ಮೂವತ್ನಾಲ್ಕು ವರ್ಷ ಕಂಡಕ್ಟರ್‌ಕಿ ಮಾಡಿದಾಂವ ನಾನು,
ರೊಕ್ಕದ ಲೆಕ್ಕ ತಪ್ಪಂಗಿಲ್ಲ.
ಇದನ್ನೂ ಬರದಿಟ್ಟೇನಿ,
ಹಳೇ ಟ್ರಿಪ್ ಶೀಟಿನ ಬೆನ್ನಿಗೆ, ಪೆನ್ಸಿಲಿನಿಂದ:

ಅರ್ಜಿ ಫಾರ್ಮಿಗೆ ಐದು.
ಕಟ್ಟಿ ಮ್ಯಾಲೆ ಕುಂತು ಅದನ್ನ ತುಂಬಿಕೊಟ್ಟ ಹುಡುಗಗ ಇಪ್ಪತ್ತು.
ಹುಡುಕೂ ಫೀ, ವರ್ಷಕ್ಕ ಹತ್ತು.

"ಯಾವ ವರ್ಷದ್ದು ಹುಡುಕೂಣ್ರಿ?"
ಅಂದ್ಲು ರೆಕಾರ್ಡ್ ರೂಮಿನ ಮೆಹಬೂಬಿ.
ಗೊತ್ತಿದ್ರ ಯಾಕ ಬರತಿದ್ದೆ, ತಂಗಿ.
ಅಪ್ಪ ಎರಡು ವರ್ಷದ ಕೂಸಿದ್ದಾಗ ಅವರವ್ವ ಸತ್ಲಂತ.
ಅಪ್ಪ ಹುಟ್ಟಿದ್ದು ಯಾವಾಗ, ಅದು ಅಪ್ಪಗೂ ಗೊತ್ತಿದ್ದಿಲ್ಲ,
ಜೂನ್ ಒಂದು ಅಂತ ಸಾಲಿ ಮಾಸ್ತರ ಬರದದ್ದು.
ತಿಥಿ ಇಲ್ಲದಾಕಿಗೆ ಮಾನಮಿ ಅಮಾಸಿಗೆ
ಎಲ್ಲಾರ ಸಂಗಾಟ ಒಂದು ಎಡಿ.
"ನಮ್ಮವ್ವಗ ಹೋಳಿಗಿ ಸೇರತಿತ್ತೋ, ಕಡಬೋ?" ಅಂತಿದ್ದ
ಎಂಬತ್ತರ ಮುದುಕ, ಎರಡು ವರ್ಷದ ದನಿಯೊಳಗ.

ನಲವತ್ತರಿಂದ ಶುರು ಮಾಡಿದ್ವಿ.
ನಲವತ್ತು: ಇಲ್ಲ. ಹತ್ತು ರೂಪಾಯಿ.
ನಲವತ್ತೊಂದು: ಇಲ್ಲ. ಹತ್ತು ರೂಪಾಯಿ.
ನಲವತ್ತೆರಡರ ಬುಕ್ಕು ಅರ್ಧ ಮೋಡಿ ಅಕ್ಷರ.
ಓದಲಿಕ್ಕೆ ಧಾರವಾಡದಿಂದ ರಿಟೈರ್ಡ್ ಮಾಸ್ತರೊಬ್ಬರು ಬಂದ್ರು,
ಪುಟಕ್ಕ ಐವತ್ತು, ಬಸ್ ಚಾರ್ಜು ನೂರಾ ಅರವತ್ತು.
ಹದಿನಾಲ್ಕು ಪುಟ ಮಂದಿ ಸಾವು ಓದಿ ಹೇಳಿದ್ರು:
ಕಾಲರಾ, ಹಾವು, ಬಾಣಂತಿ, ಬಾಣಂತಿ, ಬಾವಿ.
ಏಳುನೂರು ಕೊಟ್ಟು ಕೇಳಿದೆ.
ನಮ್ಮಾಕಿ ಇದ್ದಿಲ್ಲ.

ಐವತ್ತರ ತನಕ ಹೋದ್ವಿ. ಒಂದೊಂದು ವರ್ಷಕ್ಕೂ
"ದಾಖಲೆ ಲಭ್ಯವಿಲ್ಲ" ಅನ್ನೂ ಚೀಟಿ, ಮ್ಯಾಲೆ ಗೋಲ ಸಿಕ್ಕಾ.
ಹನ್ನೊಂದು ಚೀಟಿ ಟ್ರಂಕಿನ್ಯಾಗ ಇಡೂಮುಂದ
ಹೆಂಡ್ತಿ ಹಿಟ್ಟಿನ ಕೈ ಒರಸಿಕೋತ ಅಂದ್ಲು:
"ಏನೂ ಇಲ್ಲದ್ದಕ್ಕ ಇಷ್ಟು ಸುರದ್ರಿ.
ಅಲ್ಲಾ, ಸತ್ತಿಲ್ಲ ಅಂದ್ರ ಬದುಕಿದ್ಲು ಅಂತ ಅಲ್ಲೇನ್ರಿ?"

ನಾ ನಕ್ಕೆ.

ಸುಗ್ಗಿ ಮುಗದ ಮ್ಯಾಲೆ ಹೆಳವ ಬಂದ,
ಎತ್ತಿನ ಮ್ಯಾಲಲ್ಲ, ಟಂಟಂ ಗಾಡಿಯೊಳಗ.
ಐದು ಸೇರು ಜೋಳ, ಒಂದು ಪಟಗಾ, ಐನೂರಾ ಒಂದು.
ಏಳು ತಲಿ ಒಂದ ಉಸುರಿಗೆ ಹೇಳಿದ,
ಅಜ್ಜನ ಹೆಸರಿಗೆ ಬಂದು ಕೆಮ್ಮಿದ.
"ಮೊದಲನೇ ಹೆಂಡ್ತಿ, ತೋಟವ್ವ."
ಆಮ್ಯಾಲೆ?
"ಆಮ್ಯಾಲಿಂದು ಬ್ಯಾರೆ ಮನಿ ಪುಟ ರೀ, ಯಜಮಾನ್ರ.
ಅದಕ್ಕ ಬ್ಯಾರೆ ಕಾಣಿಕಿ."

ಹೆಂಡ್ತಿ ಸೀರಿ ಕೊಟ್ಲು, ಗಳಿಗಿ ಮುರಿಯದ್ದು.
ಪುಟ ತಿರಿವಿದ.
ಸೋಡಚೀಟಿ ಬರದು ಕಳಿಸಿದ್ರಂತ,
ಡಂಬಳಕ್ಕ ಉಡಿಕಿ ಆಗಿ ಹೋದ್ಲಂತ.
ಕೂಸು ನಮ್ಮದು ಅಂತ ಕಸಗೊಂಡು
"ನಿಮ್ಮವ್ವ ಸತ್ಲು" ಅಂತ ಅದಕ್ಕ ಹೇಳಿದ್ರು.
ಇಷ್ಟರೊಳಗ ಪುಕ್ಕಟೆ ಅಂದ್ರ ಅದೊಂದ.

ಡಂಬಳದ ಬುಕ್ಕಿನ್ಯಾಗ ಹೆಸರಿತ್ತು. ನಕಲಿಗೆ ಇಪ್ಪತ್ತು, ಅಷ್ಟ.
ತೋಟವ್ವ, ವಯಸ್ಸು ಅಂದಾಜು ಎಪ್ಪತ್ತು,
ಕಾರಣ ಮುಪ್ಪು,
ಆಗಸ್ಟ್, ಹತ್ತೊಂಬತ್ತುನೂರಾ ತೊಂಬತ್ತೊಂದು.

ತೊಂಬತ್ತೊಂದು.

ಎಂಬತ್ತೇಳರಿಂದ ಅದ ರೂಟಿನ್ಯಾಗ ಇದ್ದೆ ನಾನು,
ಗದಗ, ಡಂಬಳ, ಮುಂಡರಗಿ, ಮುಂಜಾನಿ ಏಳರ ಗಾಡಿ.
ಬೆಟಗೇರಿಯೊಳಗ ಅಪ್ಪ ಮಗ್ಗದ ಕುಣಿಯೊಳಗ ಕಾಲಿಟ್ಟು ಕುಂತಿರತಿದ್ದ.
ಸಂತಿ ದಿನ ಮುದುಕ್ಯಾರು ಬುಟ್ಟಿ ಏರಿಸಿ
ಸೆರಗಿನ ಗಂಟು ಬಿಚ್ಚಿ ಐದರ ನೋಟು ಕೊಟ್ರ
ಟಿಕೀಟಿನ ಹಿಂದ ಒಂದೂವರಿ ಅಂತ ಬರದು
"ಇಳಿಯೂಮುಂದ ಇಸ್ಕೋ ಆಯಿ" ಅಂತಿದ್ದೆ.
ಎಷ್ಟೋ ಮಂದಿ ಕೇಳಲಾರದ ಇಳದ್ರು.
ಅದು ನನ್ನ ಚಾ ಆತು.

ಒಟ್ಟು ಸಾವಿರದ ಐನೂರಾ ಹದಿನಾರು,
ಜೋಳ, ಪಟಗಾ, ಸೀರಿ ಹಿಡದಿಲ್ಲ.
ಕೆಳಗ ಗೆರಿ ಎಳದು, ಕೊಡೂ ಬಾಕಿ ಅಂತ ಬರದು
ಮುಂದ ಖಾಲಿ ಬಿಟ್ಟೇನಿ.

ಆಕಿ ಎರಡನೇ ಮನಿ ಮೊಮ್ಮಗ
ಡಂಬಳ ಬಸ್‌ಸ್ಟ್ಯಾಂಡಿನ ಮುಂದ ಕಿರಾಣಿ ಅಂಗಡಿ ಇಟ್ಟಾನಂತ.
ಹೋಳಿಗಿಯೋ ಕಡಬೋ, ಅವಗ ಗೊತ್ತಿದ್ದೀತು.
ನನ್ನ ಕಡೆ ಪಾಸ್ ಐತಿ, ರೊಕ್ಕ ಹತ್ತಂಗಿಲ್ಲ.
ದಿನಾ ಸ್ಟ್ಯಾಂಡಿಗೆ ಹೋಗಿ ಬರತೇನಿ.
ಇನ್ನೂ ಹತ್ತಿಲ್ಲ.